ಗಂಟೆ ಬಾರಿಸಿದಾಗ ಚಕ್ಕುಲಿ ಕಡಿದವಳು

೧೯೬೪ರಲ್ಲಿ ನಾನು ಪೇಟೆಯ ಒಂದು ವಾರಪತ್ರಿಕೆಯಲ್ಲಿ ಉಪಸಂಪಾದಕಿಯಾಗಿದ್ದೆ. ಸಿನಿಮಾ ವಿಮರ್ಶೆಯ ಪುಟ ನನ್ನದು. ಹೆಂಗಸಿಗೆ ಸಿನಿಮಾ ಪುಟ ಯಾಕೆ, ಅಡುಗೆ ಪುಟ ಕೊಟ್ಟರೆ ಸಾಲದೇ ಎಂದು ಕಚೇರಿಯಲ್ಲೇ ಕೆಲವರು ಗೊಣಗುತ್ತಿದ್ದರು. ಗೊಣಗಲಿ ಬಿಡಿ. ಆ ಪುಟವನ್ನು ನಾನು ಬೇಡಿ ಪಡೆದಿರಲಿಲ್ಲ, ಬರೆದು ಪಡೆದಿದ್ದೆ.

ಬಿಡುಗಡೆಗೆ ಮುಂಚೆ ನಿರ್ಮಾಪಕರು ವಿಮರ್ಶಕರಿಗೆಂದೇ ಏರ್ಪಡಿಸುವ ಪ್ರದರ್ಶನಕ್ಕೆ ಪ್ರಿವ್ಯೂ ಎನ್ನುತ್ತಾರೆ. ಅಲ್ಲಿನ ಕಾಫಿ ಚೆನ್ನಾಗಿರುತ್ತಿತ್ತು, ನಗು ಮಾತ್ರ ನಂಬುವಂಥದ್ದಲ್ಲ. ಎಲ್ಲರೂ ನಿರ್ಮಾಪಕರ ಮುಖ ನೋಡಿಕೊಂಡು ನಗುತ್ತಿದ್ದರು. ಅದಕ್ಕೇ ನಾನು ಪ್ರತಿ ಚಿತ್ರವನ್ನೂ ಯಲಹಂಕದ ನಮ್ಮ ಮನೆ ಹತ್ತಿರದ ಟೆಂಟ್ ಸಿನಿಮಾದಲ್ಲಿ, ಹೆಂಗಸರ ಕಡೆಯ ಮರಳಿನ ಮೇಲೆ ಕೂತು ಇನ್ನೊಮ್ಮೆ ನೋಡುತ್ತಿದ್ದೆ. ಟೆಂಟಿನಲ್ಲಿದ್ದದ್ದು ಒಂದೇ ಪ್ರೊಜೆಕ್ಟರ್. ಒಂದು ರೀಲು ಮುಗಿದರೆ ದೀಪ ಹಾಕಿ, ಇನ್ನೊಂದನ್ನು ಏರಿಸುವ ತನಕ ಕಾಯಬೇಕು. ನಟನೆಯ ಬಗ್ಗೆ ನಾನು ಕಲಿತದ್ದೆಲ್ಲ ಆ ಬಿಡುವಿನಲ್ಲಿ, ಹೆಂಗಸರ ಮಾತು ಕೇಳುತ್ತ.

ಆ ವರ್ಷ ಎರಡು ಸಾಂಸಾರಿಕ ಹಾಸ್ಯಚಿತ್ರಗಳು ಬಂದಿದ್ದವು. ಎರಡರಲ್ಲೂ ಒಂದೇ ಸನ್ನಿವೇಶ: ಏಕಾದಶಿಯಂದು ಮನೆಮಂದಿಗೆಲ್ಲ ಉಪವಾಸ ಹೇರಿದ ಅತ್ತೆ ಕದ್ದು ಚಕ್ಕುಲಿ ಬಾಯಿಗಿಟ್ಟ ಹೊತ್ತಿಗೇ ಸೊಸೆ ಎದುರು ಬಂದು ನಿಲ್ಲುತ್ತಾಳೆ. ಒಂದರಲ್ಲಿ ಅತ್ತೆಯಾಗಿದ್ದವಳು ಹೆಸರುವಾಸಿ ತಾರೆ, ಇನ್ನೊಂದರಲ್ಲಿ ನಾಟಕ ಕಂಪನಿಯಿಂದ ಬಂದ, ಯಾರೂ ಕೇಳರಿಯದ ನಟಿ. ದೀಪಾವಳಿ ವಿಶೇಷಾಂಕಕ್ಕೆ ಇಬ್ಬರನ್ನೂ ಹೋಲಿಸಿ ಬರೆಯುವಂತೆ ಸಂಪಾದಕರು ಹೇಳಿದರು.

ತಾರೆ ಕಣ್ಣು ಹೊರಳಿಸಿದಳು, ಕೆಮ್ಮಿದಳು, ಮಂಚದ ಮೇಲೆ ಬಿದ್ದು ಒದ್ದಾಡಿದಳು. ಪಿಟೀಲು ಬೇರೆ ಕುಂಯ್ ಎಂದು ಸಹಾಯಕ್ಕೆ ಬಂತು. ಟೆಂಟಿನಲ್ಲಿ ನಕ್ಕರು, ಇಲ್ಲವೆನ್ನುವುದಿಲ್ಲ. ಆದರೆ ದೀಪ ಬಂದ ಮೇಲೆ ಹೆಂಗಸರು ಮಾತಾಡಿದ್ದು ಅವಳ ಸೀರೆಯ ಅಂಚಿನ ಬಗ್ಗೆ.

ಮುಂದಿನ ವಾರ ಇನ್ನೊಬ್ಬಳ ಚಿತ್ರ. ಈ ಅತ್ತೆ ಅಲ್ಲಾಡಲೇ ಇಲ್ಲ. ಕಡಿದರೆ ಸದ್ದಾಗುತ್ತದೆ, ಉಗಿದರೆ ಮರ್ಯಾದೆ ಹೋಗುತ್ತದೆ. ಸೊಸೆ ಊರ ಸಮಾಚಾರವನ್ನೆಲ್ಲ ಹೇಳುತ್ತಿದ್ದಾಳೆ, ಅತ್ತೆ ಗಂಭೀರವಾಗಿ ತಲೆದೂಗುತ್ತಿದ್ದಾಳೆ. ಅಷ್ಟರಲ್ಲಿ ದೇವರಮನೆಯಲ್ಲಿ ಗಂಡ ಮಂಗಳಾರತಿಯ ಗಂಟೆ ಬಾರಿಸತೊಡಗಿದ. ಗಂಟೆ ಟಣ್ ಎಂದಾಗ ಮಾತ್ರ ಅವಳ ದವಡೆ ಆಡಿತು, ನಿಂತಾಗ ನಿಂತಿತು. ಮುಖದಲ್ಲಿ ಮಾತ್ರ ಅದೇ ಏಕಾದಶಿಯ ಕಳೆ. ನನಗೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು.

ಆ ರೀಲು ಮುಗಿದು ದೀಪ ಬಂತು. ತಣಿಸಂದ್ರದಿಂದ ಎತ್ತಿನಗಾಡಿಯಲ್ಲಿ ಬಂದಿದ್ದ ಮುನಿಯಮ್ಮ ಎದ್ದು ನಿಂತು ಬಾಯಿಗೆ ಪುರಿ ಹಾಕಿಕೊಂಡಳು. "ನಮ್ಮತ್ತೆ ಇಂಗೇ ಕಣ್ರವ್ವ! ಬಾರ್ಸ್ರೇ ಗಂಟೆ!" ಎಂದಳು. ಹೆಂಗಸರೆಲ್ಲ ಟಣ್ ಟಣ್ ಎಂದರು, ಅವಳು ತಾಳಕ್ಕೆ ಸರಿಯಾಗಿ ಅಗಿದಳು. ನನಗೆ ಬೇರೆ ತೀರ್ಪು ಬೇಕಿರಲಿಲ್ಲ. ಹೊಸಬಳೇ ಮೇಲು ಎಂದು ಕಾರಣ ಸಮೇತ ಬರೆದೆ.

ಗ್ಯಾಲಿ ಪ್ರೂಫ್, ಅಂದರೆ ಪುಟ ಕಟ್ಟುವ ಮೊದಲು ತಿದ್ದಲೆಂದು ತೆಗೆಯುವ ಉದ್ದನೆಯ ಪ್ರತಿ, ಸಂಪಾದಕರ ಮೇಜಿಗೆ ಹೋಯಿತು. ಅವರು ನನ್ನನ್ನು ಕರೆಸಿದರು. ವಿಶೇಷಾಂಕದ ಹಿಂಬದಿಯ ಪೂರ್ತಿ ಪುಟದಲ್ಲಿ ತಾರೆಯ ಚಿತ್ರದ ಜಾಹೀರಾತಿತ್ತು.

"ಹೆಸರು ಎರಡನ್ನೂ ಅದಲು ಬದಲು ಮಾಡಮ್ಮ, ಸಾಕು" ಎಂದರು.

"ನೀವೊಂದ್ಸಲ ಟೆಂಟಿಗೆ ಬಂದು ನೋಡಿ ಸಾರ್" ಎಂದೆ.

ಬಂದರು, ಪಾಪ. ಹೆಬ್ಬಾಳದಾಚೆ ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದು, ಗಂಡಸರ ಕಡೆಯ ಕುರ್ಚಿಯಲ್ಲಿ ಕೂತರು. ಗಂಟೆ ಶುರುವಾದಾಗ ತಿರುಗಿ ನೋಡಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಗೆದ್ದೆ ಅಂದುಕೊಂಡೆ.

ಹೊರಗೆ ಬಂದು ಅವರೆಂದರು: "ನಕ್ಕೆ ಕಣಮ್ಮ, ಸುಳ್ಳು ಹೇಳಲ್ಲ. ಆದ್ರೆ ನಾನು ನಕ್ಕಿದ್ದನ್ನ ಅಚ್ಚು ಹಾಕೋಕಾಗಲ್ಲ."

"ಹಾಗಾದ್ರೆ ನನ್ನ ಹೆಸರನ್ನೂ ಹಾಕೋಕಾಗಲ್ಲ ಸಾರ್."

"ನಿನ್ನ ಪುಟ ಹೋಗುತ್ತೆ, ಯೋಚ್ನೆ ಮಾಡು."

"ಮಾಡಿದೀನಿ."

ವಿಶೇಷಾಂಕ ಬಂತು. ನನ್ನ ಹೆಸರಿರಲಿಲ್ಲ, ತಾರೆ ಮೊದಲ ಸ್ಥಾನದಲ್ಲಿದ್ದಳು. ನನ್ನ ವಾಕ್ಯಗಳನ್ನೇ ಎತ್ತಿ ಅವಳಿಗೆ ಅಂಟಿಸಿದ್ದರು. ಆ ಗಂಟೆ, ಆ ದವಡೆ, ಎಲ್ಲವನ್ನೂ! ಮೈಯೆಲ್ಲ ಉರಿದುಹೋಯಿತು. ಅಂದೇ ರಾಜೀನಾಮೆ ಕೊಟ್ಟು, ಪ್ರೂಫನ್ನು ಚೀಲಕ್ಕೆ ಹಾಕಿಕೊಂಡು ಯಲಹಂಕದ ಬಸ್ಸು ಹತ್ತಿದೆ.

ಜನ ಬಿಡದ್ದರಿಂದ ಟೆಂಟಿನಲ್ಲಿ ಹೊಸಬಳ ಚಿತ್ರ ಇನ್ನೂ ಓಡುತ್ತಿತ್ತು. ಕಳೆದುಹೋದ ಮಕ್ಕಳ ಸುದ್ದಿ ಹೇಳಲು ಮಾಲೀಕ ಚನ್ನಪ್ಪನ ಹತ್ತಿರ ಒಂದು ಮೈಕು ಇತ್ತು. ಗಂಟೆಯ ರೀಲು ಮುಗಿದು ದೀಪ ಬಂದ ಕೂಡಲೇ ಹೋಗಿ ಅದನ್ನು ಕೇಳಿದೆ.

"ಗಲಾಟೆ ಆಗಲ್ವಾ ಮೇಡಂ?" ಎಂದ.

"ಆದ್ರೆ ಆಗ್ಲಿ. ಕೊಡಿ ಇಲ್ಲಿ."

ನನ್ನ ಹೆಸರು ಹೇಳಿ ವಿಮರ್ಶೆ ಓದತೊಡಗಿದೆ. ತಾರೆಯದ್ದು ಯಾಕೆ ಕಡಿಮೆ, ಈಕೆಯದ್ದು ಯಾಕೆ ಹೆಚ್ಚು ಎಂದು ಒಂದಕ್ಷರ ಬಿಡದೆ ಓದಿದೆ. ಗಂಡಸರ ಕಡೆಯಿಂದ ಯಾರೋ ಶಿಳ್ಳೆ ಹಾಕಿ, "ರೀಲ್ ಬಿಡ್ರೋ!" ಎಂದು ಕೂಗಿದ. ರೀಲು ಸಿದ್ಧವಾಗಿತ್ತು. ಪ್ರೊಜೆಕ್ಟರಿನವನು ದೀಪದ ಸ್ವಿಚ್ಚಿಗೆ ಕೈ ಹಾಕಿದ್ದು ನನಗೆ ಕಾಣಿಸಿತು.

ಅಂದೂ ಬಂದಿದ್ದ ಮುನಿಯಮ್ಮ ಧಡಕ್ಕನೆ ಎದ್ದಳು. "ಮುಟ್ಟೀಯ ಅದನ್ನ! ಆಯಮ್ಮ ಓದೋದು ಮುಗೀಲಿ!"

ದೀಪ ಆರಲಿಲ್ಲ. ಕೊನೆಯ ಸಾಲಿನ ತನಕ ಓದಿದೆ.

ಆಮೇಲೆ ಬೇರೆ ಪತ್ರಿಕೆಗಳಲ್ಲಿ ಮೂವತ್ತು ವರ್ಷ ಬರೆದೆ. ಬರೆದದ್ದನ್ನು ತಿದ್ದಲು ಯಾರಾದರೂ ಹೇಳಿದಾಗಲೆಲ್ಲ, ಇದನ್ನು ದೀಪ ಹಾಕಿದ ಟೆಂಟಿನಲ್ಲಿ ಮುನಿಯಮ್ಮನ ಎದುರು ನಿಂತು ಓದಬಲ್ಲೆನೇ ಎಂದು ಕೇಳಿಕೊಂಡೆ. ಓದಲಾಗದ್ದನ್ನು ಬರೆಯಲಿಲ್ಲ.