ಹಡಗು ಹೊರಡುವ ಮೊದಲು ನನ್ನ ತಾಯಿ ಸಿಕ್ಕಳು

ಶಿವನನ್ನು ನಂಬಿ ಬದುಕುವ ನನ್ನ ಅಕ್ಕತಂಗಿಯರಿಗೂ ಅಣ್ಣತಮ್ಮಂದಿರಿಗೂ ಶಹಾಪುರದಿಂದ ಗಿರಿಜಾ ಮಾಡುವ ಶರಣು.

ಸಂಕ್ರಾಂತಿ ಕಳೆದ ಮುಂದಿನ ಸೋಮವಾರ, ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ಎಂಬ ದ್ವೀಪದ ಬಂದರು ಪಟ್ಟಣದಲ್ಲಿ ನನ್ನ ತಾಯಿ ನಾಗಮ್ಮ ಕಾಣೆಯಾದಳು. ಅವಳಿಗೆ ಓದುಬರಹ ಬರುವುದಿಲ್ಲ. ಕೈಯಲ್ಲಿ ಫೋನಿರಲಿಲ್ಲ, ಗುರುತಿನ ಕಾರ್ಡು ಇರಲಿಲ್ಲ. ನಮ್ಮ ಹಡಗು ಸಂಜೆ ಐದಕ್ಕೆ ಹೊರಡುವುದಿತ್ತು. ಆ ದಿನ ಶಿವ ನನ್ನ ಮೇಲೆ ತೋರಿದ ಕರುಣೆಯನ್ನು ನಿಮ್ಮ ಮುಂದೆ ಹೇಳಬೇಕು. ಆದರೆ ನನ್ನ ತಪ್ಪನ್ನು ಬಿಟ್ಟು ಕರುಣೆಯನ್ನಷ್ಟೇ ಹೇಳಿದರೆ ಅದು ಅರ್ಧ ಸುಳ್ಳಾಗುತ್ತದೆ.

ನಾನು ಸುರಪುರದ ಹತ್ತಿರದ ಹಳ್ಳಿಯೊಂದರಲ್ಲಿ ಶಾಲೆಯ ಶಿಕ್ಷಕಿ. ಶಹಾಪುರದಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ನಮ್ಮ ಕಡೆ ಶಿಕ್ಷಕಿಯನ್ನು ಎಲ್ಲರೂ ‘ಅಕ್ಕೋರು’ ಎಂದು ಕರೆಯುತ್ತಾರೆ. ನನ್ನ ಯಜಮಾನರು ಶರಣಪ್ಪ, ಶಹಾಪುರದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಒಬ್ಬಳೇ ಮಗಳು ಸ್ಫೂರ್ತಿ, ನಾಲ್ಕನೆಯ ತರಗತಿ. ಅಪ್ಪ ನಾನು ಹುಟ್ಟಿದ ವರ್ಷವೇ ತೀರಿಕೊಂಡ. ನನಗೆ ಒಡಹುಟ್ಟಿದವರು ಇಲ್ಲದ್ದರಿಂದ ತಾಯಿ ನಮ್ಮ ಜೊತೆಗೇ ಇದ್ದಾಳೆ. ಅವಳ ಊರು ಶಿರವಾಳ. ಅಲ್ಲಿಯ ಹಳೆಯ ಗುಡಿಗಳಲ್ಲೊಂದರಲ್ಲಿ, ಹೊಲದ ನಡುವಿನ ಒಂದು ಸಣ್ಣ ಗುಡಿಯಲ್ಲಿ, ಸೋಮವಾರಕ್ಕೊಮ್ಮೆ ಕಸ ಗುಡಿಸಿ ಲಿಂಗಕ್ಕೆ ನೀರು ಹಾಕಿದ ಮೇಲೆಯೇ ಅವಳ ಊಟ.

ಕೃಷ್ಣೆಯ ಕಾಲುವೆ ತೋಡುವಾಗ ನನ್ನ ತಾಯಿ ಮಣ್ಣಿನ ಬುಟ್ಟಿ ಹೊತ್ತವಳು. ಜಾಲಿ ಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ ನನ್ನನ್ನು ಅದರಲ್ಲಿ ಮಲಗಿಸಿ ದಿನವಿಡೀ ಮಣ್ಣು ಹೊತ್ತಳು. ಆ ಕಾಲುವೆಗೆ ನೀರು ಬಂತು. ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಗೊಬ್ಬರ, ಗೊಬ್ಬರದ ಹಿಂದೆ ನಮ್ಮ ಅಂಗಡಿ. ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಕಂಪನಿಯವರು ಹೆಂಡತಿ ಸಮೇತ ವಿದೇಶಕ್ಕೆ ಕರೆದೊಯ್ಯುವ ರೂಢಿ ನಿಮಗೆ ಗೊತ್ತಿದೆ. ಈ ಸಲ ಅಮೆರಿಕದ ಮಯಾಮಿಯಿಂದ ಕೆರಿಬಿಯನ್ ದ್ವೀಪಗಳಿಗೆ ಹಡಗಿನಲ್ಲಿ ಪ್ರವಾಸ ಎಂದರು. ನಮ್ಮಿಬ್ಬರದು ಕಂಪನಿಯ ಲೆಕ್ಕ, ಮಗಳದೂ ತಾಯಿಯದೂ ನಮ್ಮ ಲೆಕ್ಕ.

ತಾಯಿಯನ್ನು ಕರೆದುಕೊಂಡು ಹೋಗೋಣ ಎಂದವರು ಯಜಮಾನರು. ನನಗೆ ಮನಸ್ಸಿರಲಿಲ್ಲ. “ಯವ್ವಗ ಇದೆಲ್ಲಾ ಒಗ್ಗಂಗಿಲ್ರಿ,” ಎಂದೆ. ಅವರು ನನ್ನ ಮುಖ ನೋಡಿ, “ಯವ್ವಗ ಒಗ್ಗಂಗಿಲ್ಲೋ, ನಿನಗ ಒಗ್ಗಂಗಿಲ್ಲೋ?” ಎಂದರು.

ತಯಾರಿಯನ್ನೆಲ್ಲ ನಾನೇ ಮಾಡಿದೆ. ನಮ್ಮ ಭಜನೆಯ ಗೆಳತಿಯರು ಈಗ, “ಹಡಗಿನ್ಯಾಗ ಹೋಗೂದಾದ್ರ ಏನೇನ್ ಮಾಡ್ಬೇಕು ಬರದು ಕೊಡ್ರಿ ಅಕ್ಕೋರ,” ಎಂದು ಕೇಳುತ್ತಿದ್ದಾರೆ. ಅವರಿಗೆ ಬೇಕಾದದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪಾಸ್‌ಪೋರ್ಟಿಗೆ ಮೊದಲು ಆಧಾರ್ ಕಾರ್ಡಿನಲ್ಲಿ ಹೆಸರು ಸರಿಮಾಡಿಸಿ. ನನ್ನ ತಾಯಿಯ ಕಾರ್ಡಿನಲ್ಲಿ ಬರೀ ನಾಗಮ್ಮ ಎಂದಿತ್ತು, ಮುಂದೆ ಅಡ್ಡಹೆಸರಿಲ್ಲದೆ ಟಿಕೆಟ್ ಮಾಡಿಸುವಾಗ ಬಹಳ ಒದ್ದಾಡಿದೆವು. ಟ್ರಿನಿಡಾಡಿಗೆ ಹೋಗಿ ಬರುವವರಿಗೆ ಹಳದಿ ಜ್ವರದ ಲಸಿಕೆ ಬೇಕು. ಹೊರಡುವುದಕ್ಕೆ ಹತ್ತು ದಿನ ಮೊದಲೇ ಹಾಕಿಸಿರಬೇಕು, ವಯಸ್ಸಾದವರಿದ್ದರೆ ಡಾಕ್ಟರನ್ನು ಕೇಳಿಯೇ ಹಾಕಿಸಬೇಕು. ಹಡಗು ಹೊರಡುವ ದಿನವೇ ವಿಮಾನ ಇಳಿಯುವ ಹಾಗೆ ಇಟ್ಟುಕೊಳ್ಳಬೇಡಿ, ಒಂದು ದಿನ ಮೊದಲೇ ತಲುಪಿ. ದೊಡ್ಡ ಪೆಟ್ಟಿಗೆಗಳು ಕೋಣೆಗೆ ಬರುವುದು ತಡವಾಗುತ್ತದೆ, ಆದ್ದರಿಂದ ಬಿಪಿ ಸಕ್ಕರೆಯ ಗುಳಿಗೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ತಲೆ ಸುತ್ತುವವರು ಹಡಗಿನ ನಡುಭಾಗದ ಕೆಳಗಿನ ಅಂತಸ್ತಿನ ಕೋಣೆ ಕೇಳಿ, ಅಲ್ಲಿ ಓಲಾಟ ಕಡಿಮೆ.

ಬೆರಳಚ್ಚಿನ ಮಾತೊಂದು ಉಳಿಯಿತು. ವೀಸಾಕ್ಕೆ ಹೈದರಾಬಾದಿಗೆ ಹೋದಾಗ ಮಷೀನಿನ ಮೇಲೆ ತಾಯಿಯ ಬೆರಳು ಮೂಡಲೇ ಇಲ್ಲ. ಗುದ್ದಲಿ ಹಿಡಿದು, ಬುಟ್ಟಿಯ ಅಂಚು ಹಿಡಿದು ಗೆರೆಗಳೆಲ್ಲ ಸವೆದಿದ್ದವು. ಒರೆಸಿ ಒತ್ತಿ, ಮತ್ತೆ ಒರೆಸಿ ಒತ್ತಿ, ಹಿಂದೆ ಸಾಲಿನಲ್ಲಿದ್ದವರು ಇಣುಕಿ ನೋಡತೊಡಗಿದರು. “ಅಮ್ಮಾ, ಜೋರ್ ಸೆ ದಬಾವೋ,” ಗಟ್ಟಿಯಾಗಿ ಒತ್ತು ಎನ್ನುತ್ತಿದ್ದ ಅಲ್ಲಿಯ ನೌಕರನಿಗೆ ತಾಯಿ ನಗುತ್ತ ದಖನಿಯಲ್ಲಿ, “ಘಿಸ್ ಗಯೇ ಸಾಬ್,” ಸವೆದುಹೋಗಿವೆ ಎಂದಳು. ಕಾಲುವೆ ಕೆಲಸದ ಮೇಸ್ತ್ರಿಗಳಿಂದ ಅವಳು ಅಷ್ಟಿಷ್ಟು ದಖನಿ, ಅಂದರೆ ನಮ್ಮ ಕಡೆಯ ಉರ್ದು, ಕಲಿತಿದ್ದಳು. ಕೆಲಸ ಮಾಡಿದ ಕೈಯವರು ಹದಿನೈದು ದಿನ ಮೊದಲಿನಿಂದ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಹೋಗಿ. ತಾಯಿ ಬೆರಳು ಒತ್ತುತ್ತಿದ್ದ ಆ ಹೊತ್ತಿಗೆ ನಾನು ಮಾಡಿದ್ದೇನೆಂದರೆ, ಎರಡು ಹೆಜ್ಜೆ ದೂರ ಸರಿದು ಫೋನು ನೋಡುತ್ತ ನಿಂತೆ.

ಹಡಗಿನಲ್ಲಿ ಬೇರೆ ಬೇರೆ ಊರಿನ ಅಂಗಡಿಯವರ ಕುಟುಂಬಗಳಿದ್ದವು. ದಾವಣಗೆರೆ ಕಡೆಯ ಉಮಾದೇವಿ ಎಂಬುವರು ನನ್ನ ಜೊತೆ ಚೆನ್ನಾಗಿ ಮಾತಾಡುತ್ತಿದ್ದರು. ಎರಡನೆಯ ದಿನದ ಊಟಕ್ಕೆ ಎಲ್ಲರೂ ಒಂದೇ ಮೇಜಿಗೆ ಕೂತಿದ್ದೆವು. ಯಜಮಾನರು ಮಗಳಿಗೆ ಹಣ್ಣು ತರಲು ಎದ್ದು ಹೋಗಿದ್ದರು. ತಾಯಿ ತಟ್ಟೆಯಲ್ಲಿ ಉಳಿದ ಬ್ರೆಡ್ಡನ್ನು ಸೆರಗಿಗೆ ಕಟ್ಟಿಕೊಂಡು, ಹಣೆಯ ಬೆವರನ್ನು ಮೇಜಿನ ಬಿಳಿ ಬಟ್ಟೆಯಿಂದ ಒರೆಸಿಕೊಂಡಳು. ಉಮಾದೇವಿ ಮೆಲ್ಲಗೆ ಕೇಳಿದರು.

“ಇವರು ಯಾರು, ನಿಮ್ಮ ಸಂಬಂಧಿಕರಾ?”

“ಇಲ್ರಿ,” ಎಂದೆ. “ಮಗಳನ್ನ ನೋಡಿಕೊಳ್ಳಾಕ ಕರಕೊಂಡು ಬಂದೀವಿ. ಮನಿ ಕೆಲಸದಾಕಿ.”

ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ ಎಂದು ಬರೆಯಬಹುದಿತ್ತು. ಗೊತ್ತಿದೆ. ನಾನು ಯೋಚಿಸಿಯೇ ಹೇಳಿದೆ. ತಾಯಿ ಮಗ್ಗುಲಲ್ಲೇ ಇದ್ದಳು. ಸೆರಗಿನ ಗಂಟು ಬಿಚ್ಚಿ ಬ್ರೆಡ್ಡನ್ನು ತಟ್ಟೆಗೆ ಹಾಕಿದಳು, ಎದ್ದು ಸ್ಫೂರ್ತಿಯ ಕುರ್ಚಿಯ ಹಿಂದೆ ಹೋಗಿ ನಿಂತಳು.

ಮರುದಿನದಿಂದ ಅವಳು ನನ್ನ ಬ್ಯಾಗು ಹೊತ್ತು ಹಿಂದೆ ನಡೆಯತೊಡಗಿದಳು. ಬೇರೆಯವರಿದ್ದರೆ ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. “ಅಕ್ಕೋರ, ನೀರು ಕುಡೀತೀರೇನ್ರಿ?” ಎನ್ನುತ್ತಿದ್ದಳು. ಮೊದಲ ಸಲ ಕೇಳಿದಾಗ ನನಗೆ ಎದೆಯಲ್ಲಿ ಚುಚ್ಚಿತು. ಎರಡು ದಿನ ಕಳೆಯುವಷ್ಟರಲ್ಲಿ ಅನುಕೂಲವೇ ಆಯಿತು ಎನ್ನಿಸಿತು. ಇದನ್ನೂ ಬರೆಯುತ್ತೇನೆ. ಯಜಮಾನರು ಏನೋ ಗುಮಾನಿಯಿಂದ ಕೇಳಿದರೆ, ತಾಯಿಯೇ, “ನಾ ಚಾಷ್ಟಿ ಮಾಡಾಕತ್ತೇನಿ, ಬಿಡಪ್ಪ,” ಎಂದು ತಮಾಷೆ ಮಾಡಿದಂತೆ ನಕ್ಕು ಮುಚ್ಚಿಹಾಕಿದಳು.

ಟ್ರಿನಿಡಾಡಿನಲ್ಲಿ ಇಳಿದ ದಿನ ಸೋಮವಾರ. ಬೆಳಗಿನ ತಿಂಡಿಗೆ ತಾಯಿ, “ನಂದು ಒಪ್ಪತ್ತು,” ಎಂದಳು. “ಇಲ್ಲೆಲ್ಲಿ ಗುಡಿ ಐತಿ? ಮಂದಿ ಮುಂದ ಇದೊಂದು ಶುರು ಮಾಡಬ್ಯಾಡ,” ಎಂದು ಗದರಿದೆ. ಅವಳು ಏನೂ ತಿನ್ನದೆ ಬಂದಳು.

ಹಡಗಿನಲ್ಲಿ ಪ್ರತಿಯೊಬ್ಬರಿಗೂ ಒಂದು ಕಾರ್ಡು ಕೊಟ್ಟಿರುತ್ತಾರೆ. ಇಳಿಯಲು, ಹತ್ತಲು, ಕೋಣೆಯ ಬಾಗಿಲು ತೆರೆಯಲು ಅದೇ ಬೇಕು. ಕಳೆದೀತು ಎಂದು ತಾಯಿಯ ಕಾರ್ಡನ್ನು ನಾನೇ ಇಟ್ಟುಕೊಂಡಿದ್ದೆ. ದಯವಿಟ್ಟು ಹಾಗೆ ಮಾಡಬೇಡಿ. ಅವರವರ ಕಾರ್ಡು ಅವರವರ ಕೊರಳಲ್ಲಿರಲಿ. ಹಡಗಿನ ಹೆಸರು, ಬಂದರಿನ ಹೆಸರು ಬರೆದ ಚೀಟಿಯನ್ನು ಪ್ರತಿಯೊಬ್ಬರ ಜೇಬಿಗೆ ಹಾಕಿ. ಗಡಿಯಾರ ಹಡಗಿನದ್ದನ್ನೇ ನೋಡಿ, ಫೋನಿನದು ಬೇರೆ ತೋರಿಸಬಹುದು. ಹಡಗು ಯಾರಿಗೂ ಕಾಯುವುದಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ, ದೊಡ್ಡ ಮೈದಾನದ ಹತ್ತಿರ ನಮ್ಮ ಗುಂಪಿನವರು ಫೋಟೋ ತೆಗೆಸಿಕೊಳ್ಳಲು ಹೊರಟರು. ಯಜಮಾನರು ಮಗಳನ್ನು ಕರೆದುಕೊಂಡು ಮುಂದೆ ಹೋಗಿದ್ದರು. ತಾಯಿ ಫೋಟೋದಲ್ಲಿ ಬರುವುದು ನನಗೆ ಬೇಡವಾಗಿತ್ತು. ಒಂದು ಬೆಂಚು ತೋರಿಸಿ, “ಬ್ಯಾಗ್ ನೋಡ್ಕೋತ ಇಲ್ಲೇ ಕುಂದ್ರು,” ಎಂದೆ. “ಹೂನ್ರಿ ಅಕ್ಕೋರ,” ಎಂದಳು. ಫೋಟೋ, ಅಂಗಡಿ, ಐಸ್‌ಕ್ರೀಮು ಎಂದು ಒಂದು ತಾಸು ಮೀರಿತು. ಬಂದು ನೋಡಿದರೆ ಬ್ಯಾಗುಗಳು ಪಕ್ಕದ ಎಳನೀರಿನವನ ಗಾಡಿಯ ಮೇಲಿದ್ದವು. ತಾಯಿ ಇರಲಿಲ್ಲ. ಅವನು ಒಂದು ದಾರಿಯ ಕಡೆ ಕೈ ತೋರಿಸಿ ಏನೋ ಹೇಳಿದ. ಅವನ ಇಂಗ್ಲಿಷು ನನಗೆ ತಿಳಿಯಲಿಲ್ಲ.

ಆ ದಾರಿಯಲ್ಲಿ ಓಡಿದೆ, ಹಿಂದಕ್ಕೆ ಓಡಿದೆ. ಯಜಮಾನರು ಇನ್ನೊಂದು ಕಡೆ ಹೋದರು. ಸ್ಫೂರ್ತಿ, “ಅಜ್ಜೀ,” ಎಂದು ಕೂಗುತ್ತ ಅಳುತ್ತಿದ್ದಳು. ಮೂರು ಗಂಟೆಗೆ ಬಂದರಿಗೆ ಬಂದು ಹಡಗಿನವರಿಗೆ ಹೇಳಿದೆವು. ಅವರು ಪೊಲೀಸರನ್ನು ಕರೆಸಿದರು. ಐದಕ್ಕೆ ಮಾತ್ರ ಹೊರಡಲೇಬೇಕು, ನೀವು ಉಳಿಯುವುದಾದರೆ ಪಾಸ್‌ಪೋರ್ಟುಗಳನ್ನು ಇಲ್ಲಿ ಇಳಿಸಿ ಹೋಗುತ್ತೇವೆ ಎಂದರು. ಅವರದು ತಪ್ಪಿರಲಿಲ್ಲ.

ಮಹಿಳಾ ಪೊಲೀಸೊಬ್ಬಳು ಪುಸ್ತಕ ತೆರೆದು ಕಾಣೆಯಾದವರ ವಿವರ ಕೇಳಿದಳು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ. ಪಕ್ಕದಲ್ಲಿದ್ದ ಉಮಾದೇವಿ ಸಹಾಯಕ್ಕೆಂದು ಇಂಗ್ಲಿಷಿನಲ್ಲಿ, “ಇವರ ಮನೆಕೆಲಸದವಳು,” ಎಂದರು. ಯಜಮಾನರು ನನ್ನತ್ತ ತಿರುಗಿದರು. ಆ ನೋಟವನ್ನು ನಾನು ಸಾಯುವವರೆಗೂ ಮರೆಯಲಾರೆ.

“ಅಲ್ರಿ,” ಎಂದೆ. “ಆಕಿ ನನ್ನ ಹಡದವ್ವ. ನಾ ಸುಳ್ಳು ಹೇಳಿದ್ದೆ.”

ಉಮಾದೇವಿಯವರ ಮುಖ ಬಿಳುಚಿತು. ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಪೊಲೀಸಿನವಳು ಬರೆದುಕೊಂಡಳು: ತಾಯಿ.

ಒಂದು ಮೂಲೆಗೆ ಹೋಗಿ ಸಿಮೆಂಟಿನ ನೆಲದ ಮೇಲೆ ಕೂತೆ. ಎಷ್ಟೋ ವರ್ಷದಿಂದ ಭಜನೆಯಲ್ಲಿ ಬಾಯಿ ಆಡಿಸಿದ್ದೆ, ಪ್ರಾರ್ಥನೆ ಮಾಡಿರಲಿಲ್ಲ. ಶಿರವಾಳದ ಆ ಸಣ್ಣ ಗುಡಿಯ ಲಿಂಗವನ್ನು ನೆನೆದೆ. “ಅಪ್ಪಾ, ನಾ ಮಾಡಿದ್ದಕ್ಕ ನನಗ ಏನರ ಮಾಡು. ಆಕಿ ನಿನ್ನ ಅಂಗಳ ಗುಡಿಸ್ಯಾಳ. ಆಕಿನ್ನ ನನ್ನ ಕಣ್ಣಿಗಿ ತೋರ್ಸು,” ಎಂದೆ. ಬೇರೆ ಮಾತು ಬರಲಿಲ್ಲ. ಅದನ್ನೇ ಹೇಳುತ್ತ ಕೂತೆ.

ನಾಲ್ಕೂ ಇಪ್ಪತ್ತಕ್ಕೆ ಒಂದು ಹಳೆಯ ಬಿಳಿ ಕಾರು ಬಂದರಿನ ಬಾಗಿಲಲ್ಲಿ ನಿಂತಿತು. ಗೌನು ತೊಟ್ಟ, ನಮ್ಮ ಕಡೆಯವರಂತೆಯೇ ಕಾಣುವ ಮುದುಕಿಯೊಬ್ಬರು ಇಳಿದು ಹಿಂದಿನ ಬಾಗಿಲು ತೆರೆದರು. ನನ್ನ ತಾಯಿ ಇಳಿದಳು. ಹಣೆಯ ಮೇಲೆ ಹೊಸದಾಗಿ ಹಚ್ಚಿದ ವಿಭೂತಿ, ಕೈಯಲ್ಲಿ ಎಲೆಯಲ್ಲಿ ಸುತ್ತಿದ ಪ್ರಸಾದ. ಎಲ್ಲರೂ ನೋಡುತ್ತಿದ್ದರು. ಅವಳು ನನ್ನ ಮುಂದೆ ಬಂದು ತಲೆ ತಗ್ಗಿಸಿ, “ತಡಾ ಆತೇನ್ರಿ ಅಕ್ಕೋರ? ತಪ್ಪಾತ್ರಿ,” ಎಂದಳು.

ಅಷ್ಟು ಹೊತ್ತಾದ ಮೇಲೂ, ದಾರಿ ತಪ್ಪಿ ಹೆದರಿದ ಮೇಲೂ, ಅವಳು ನನ್ನ ಸುಳ್ಳನ್ನು ಕಾಯುತ್ತಿದ್ದಳು.

“ಯವ್ವಾ,” ಎಂದು ಅವಳ ಕಾಲಿಗೆ ಬಿದ್ದೆ. “ಏಳು, ಮಂದಿ ನೋಡಾಕತ್ಯಾರ,” ಎಂದು ಪಿಸುಗುಟ್ಟಿದಳು. “ನೋಡಲಿ ಬಿಡು,” ಎಂದೆ.

ಆ ಮುದುಕಿಯ ಹೆಸರು ದುಲಾರಿ. ಅವರು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ್ದು ಇಷ್ಟು. ಅವರು ಸೋಮವಾರದ ಪೂಜೆಗೆಂದು ತಾಮ್ರದ ತಂಬಿಗೆ, ಬಿಲ್ವಪತ್ರೆ ಹಿಡಿದು ಬೆಂಚಿನ ಮುಂದೆ ಹಾದು ತಮ್ಮ ಕಾರಿನ ಕಡೆ ಹೋಗುತ್ತಿದ್ದರಂತೆ. ನನ್ನ ತಾಯಿ ಎದ್ದು ಪತ್ರೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, “ಶಿವಾ?” ಎಂದಳಂತೆ. ಅವರು ಕಾರಿನಲ್ಲಿ ಗುಡಿಗೆ ಕರೆದೊಯ್ದರು. ಪೂಜೆ ಮುಗಿದ ಮೇಲೆ ಎಲ್ಲಿಗೆ ಬಿಡಬೇಕೆಂದು ಕೇಳಿದರೆ ಇವಳಿಗೆ ಅವರ ಭಾಷೆ ಬಾರದು, ಅವರಿಗೆ ಇವಳದು ಬಾರದು. ಕನ್ನಡದಲ್ಲಿ ಹಡಗು ಎಂದಳು, ಕೈಯಿಂದ ತೆರೆ ಮಾಡಿ ತೋರಿಸಿದಳು, ತಿಳಿಯಲಿಲ್ಲ. ಬೆಂಚಿನ ಹತ್ತಿರ ವಾಪಸು ಕರೆತಂದರೆ ಅಲ್ಲಿ ನಾವು ಇರಲಿಲ್ಲ. ಕೊನೆಗೆ ಅಳು ಬಂದು, ದಖನಿಯಲ್ಲಿ, “ಜಹಾಜ್,” ಎಂದಳಂತೆ.

ದುಲಾರಿ ಅಜ್ಜಿಗೆ ಹಿಂದಿ ಮಾತಾಡಲು ಬರುವುದಿಲ್ಲ. ಅವರ ಮನೆಯಲ್ಲಿ ಹಿಂದಿನವರಿಂದ ಉಳಿದ ಕೆಲವೇ ಮಾತುಗಳಲ್ಲಿ ಅದೊಂದು. ಅವರ ಮುತ್ತಜ್ಜಿ ಕಬ್ಬಿನ ಹೊಲದ ಕೂಲಿಗೆಂದು ನಮ್ಮ ದೇಶದಿಂದ ಜಹಾಜಿನಲ್ಲಿ ಬಂದವರಂತೆ, ಮತ್ತೆ ಊರು ಕಾಣಲಿಲ್ಲವಂತೆ. “ಆ ಮಾತನ್ನು ನಮ್ಮ ಮನೆಯ ಹೊರಗಿನವರ ಬಾಯಲ್ಲಿ ನಾನು ಕೇಳಿಯೇ ಇರಲಿಲ್ಲ,” ಎಂದು ಕಣ್ಣೊರೆಸಿಕೊಂಡರು. ತಾಯಿಯ ಸವೆದ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ನನ್ನನ್ನು ಕೇಳಿದರು: “ಯುವರ್ ಮದರ್?”

“ಹೌದು,” ಎಂದೆ, ಗಟ್ಟಿಯಾಗಿ.

ಹಡಗಿನಲ್ಲಿ ಉಳಿದ ದಿನಗಳಲ್ಲಿ ಉಮಾದೇವಿಯವರು ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ತಾಯಿಯ ಪಕ್ಕದಲ್ಲಿ ಕೂತು ಊಟ ಮಾಡುತ್ತಿದ್ದರು, ಅವಳಿಗೆ ಮೊದಲು ಬಡಿಸುತ್ತಿದ್ದರು. ನನಗೆ ಅದು ಸರಿಯಾಗಿಯೇ ಕಂಡಿತು. ಯಜಮಾನರು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು.

ಊರಿಗೆ ಬಂದ ಮೊದಲ ಸೋಮವಾರ ತಾಯಿಯ ಜೊತೆ ಶಿರವಾಳಕ್ಕೆ ಹೋದೆ. ಅವಳ ಕೈಯಿಂದ ಕಸಬರಿಗೆ ತೆಗೆದುಕೊಂಡು ಗುಡಿ ಗುಡಿಸಿದೆ. ಹೊರಗೆ ಕಟ್ಟೆಯ ಮೇಲೆ ಕೂತಾಗ ಧೈರ್ಯ ಮಾಡಿ ಕೇಳಿದೆ, “ಯವ್ವಾ, ಅಲ್ಲಿ ಆ ಗುಡಿಯಾಗ ಏನಂತ ಬೇಡಿಕೊಂಡಿ?”

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು.

“ನಿನ್ನ ಹೆಸರ ಹೇಳಿ ನೀರ ಹಾಕಿದೆ. ನನ್ನ ಸಲುವಾಗಿ ನನ್ನ ಮಗಳು ಮಂದಿ ಮುಂದ ತಲಿ ತಗ್ಗಸಬಾರದಪ್ಪ ಅಂತ ಬೇಡಿದೆ.”

ನಾನು ಬೀದಿಯಲ್ಲಿ ಹುಡುಕುತ್ತ ಓಡುತ್ತಿದ್ದ ಹೊತ್ತಿಗೇ ಅವಳು ಅಲ್ಲಿ ಲಿಂಗದ ಮುಂದಿದ್ದಳು. ಶಿವ ನನ್ನ ಬೇಡಿಕೆಯನ್ನು ನಡೆಸಿಕೊಟ್ಟ, ಅವಳದನ್ನು ನಡೆಸಲಿಲ್ಲ. ಎಲ್ಲರ ಮುಂದೆ ನನ್ನ ತಲೆ ತಗ್ಗಿತು. ಅವನು ನನಗೆ ಮಾಡಿದ ಎರಡು ಉಪಕಾರಗಳಲ್ಲಿ ನನ್ನ ತಲೆ ತಗ್ಗಿಸಿದ್ದೇ ದೊಡ್ಡದೆಂದು ನಂಬಿದ್ದೇನೆ, ಅದಕ್ಕಾಗಿ ದಿನವೂ ಅವನಿಗೆ ಕೈ ಮುಗಿಯುತ್ತೇನೆ.