ನಮ್ಮ ಎರಡನೇ ಮದುವೆ, ವೀಸಾಗಾಗಿ

"ಸರ್, ಇದು ಮದುವೆ ಫೋಟೋ ಥರ ಕಾಣ್ತಿಲ್ವಲ್ಲ. ಯಾರಿಗೋ ಸನ್ಮಾನ ಮಾಡಿದಂಗಿದೆ," ಎಂದ ವೀಸಾ ಏಜೆಂಟ್.

2007ರ ಮಾತು. ಚಿಂತಾಮಣಿಯಿಂದ ಬೆಳಗಿನ ಬಸ್ಸು ಹಿಡಿದು ಬೆಂಗಳೂರಿನ ಅವನ ಆಫೀಸಿಗೆ ಅದು ನನ್ನ ಐದನೇ ಓಡಾಟ. ಕಾಲು ನೋವಿಗಿಂತ ಆ ಮಾತೇ ಹೆಚ್ಚು ನೋಯಿಸಿತು.

ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಫೋಟೋದಲ್ಲಿ ನಾನೂ ನನ್ನ ಹೆಂಡತಿ ಸುಜಾತಾಳೂ ಬಿಳಿ ಬಟ್ಟೆಯಲ್ಲಿ ನಿಂತಿದ್ದೇವೆ. ಹಿಂದೆ ಬುದ್ಧನ ಪಟ, ಒಂದು ಮೇಣದಬತ್ತಿ, ಒಂದು ಮೈಕು. ಕೊರಳಲ್ಲಿ ಹಾರ ಬಿಟ್ಟರೆ ಬೇರೇನೂ ಇಲ್ಲ.

ಬುದ್ಧನ ದಾರಿ ಹಿಡಿದ ನಮ್ಮ ಮನೆಗಳಲ್ಲಿ ಮದುವೆ ಅಂದರೆ ಹಾಗೆಯೇ. ತಾಳಿ ಇಲ್ಲ, ಧಾರೆ ಇಲ್ಲ, ಅಕ್ಷತೆ ಇಲ್ಲ. ಇಬ್ಬರೂ ಪ್ರತಿಜ್ಞೆ ಹೇಳಿ ಹಾರ ಬದಲಾಯಿಸಿಕೊಂಡೆವು, ಬಂದವರು ಊಟ ಮಾಡಿ ಹೋದರು. ನಡೆಸಿಕೊಟ್ಟವರು ಸುಜಾತಾಳ ಅಪ್ಪ, ನಮ್ಮ ಮಾವ. ರಿಟೈರ್ಡ್ ಮೇಷ್ಟ್ರು. ಸುತ್ತಮುತ್ತ ಹಳ್ಳಿಗಳಲ್ಲಿ ಇಂಥ ಸರಳ ಮದುವೆ ಯಾರಿಗೇ ಬೇಕಾದರೂ ಅವರನ್ನೇ ಕರೆಯುತ್ತಿದ್ದರು.

ಮದುವೆಯಾದ ಆರು ತಿಂಗಳಿಗೆ ಸುಜಾತಾಳಿಗೆ ಯೂರೋಪಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ದೇಶದ ಹೆಸರು ಬೇಡ, ಈಗಲೂ ಅಲ್ಲಿನ ಅನ್ನವನ್ನೇ ತಿನ್ನುತ್ತಿದ್ದೇವೆ.

ನಾನು ಚಿಂತಾಮಣಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಒಂದೂವರೆ ವರ್ಷ ನಮ್ಮ ಸಂಸಾರ ನಡೆದದ್ದು ಫೋನಿನಲ್ಲೇ.

ವರ್ಕ್ ವೀಸಾ ಕೇಳಿದೆ, ನನ್ನ ಕೆಲಸ ಅವರ ಪಟ್ಟಿಯಲ್ಲಿ ಇಲ್ಲವಂತೆ. ಸ್ಟೂಡೆಂಟ್ ವೀಸಾ ಅಂದರೆ ಅಷ್ಟು ಫೀಸು ಎಲ್ಲಿಂದ ತರಲಿ? ವಿಸಿಟ್ ವೀಸಾದಲ್ಲಿ ಹೋದರೆ ಮೂರೇ ತಿಂಗಳು, ಆಮೇಲೆ ಮತ್ತೆ ವಾಪಸ್.

ಉಳಿದದ್ದು ಡಿಪೆಂಡೆಂಟ್ ವೀಸಾ ಒಂದೇ. ಹೆಂಡತಿಯ ಮೇಲೆ ಗಂಡ ಡಿಪೆಂಡೆಂಟ್ ಎಂದು ಸ್ನೇಹಿತರು ಆಡಿಕೊಂಡರು, ಆಡಿಕೊಳ್ಳಲಿ ಬಿಡಿ.

ತಪ್ಪು ನಮ್ಮದೂ ಇತ್ತು. ಮದುವೆಯನ್ನು ಆಗಲೇ ರಿಜಿಸ್ಟರ್ ಮಾಡಿಸಿರಲಿಲ್ಲ. ಇಡೀ ಊರೇ ನೋಡಿದೆ, ಕಾಗದ ಯಾಕೆ ಅಂದುಕೊಂಡಿದ್ದೆವು. ವೀಸಾಗೆ ಬೇಕು ಎಂದು ಗೊತ್ತಾದ ಮೇಲೆ, ಅವಳು ಹಿಂದಿನ ಸಲ ರಜೆಗೆ ಬಂದಾಗ ಮಾಡಿಸಿದ್ದು.

ಏಜೆಂಟ್ ಹಿಡಿದುಕೊಂಡದ್ದೂ ಅದನ್ನೇ. ಸರ್ಟಿಫಿಕೇಟ್ ಹೊಸದು, ಫೋಟೋ ನೋಡಿದರೆ ಮದುವೆ ಅನ್ನಿಸುವುದಿಲ್ಲ, ವೀಸಾಗೋಸ್ಕರ ಹುಟ್ಟಿಸಿದ ಮದುವೆ ಅಂದುಕೊಳ್ಳುತ್ತಾರೆ ಎಂದ. ಒಂದು ಸಲ ರಿಜೆಕ್ಟ್ ಆದರೆ ಮುಗಿಯಿತು ಎಂದೂ ಹೆದರಿಸಿದ.

ದಾರಿಯನ್ನೂ ಅವನೇ ಹೇಳಿದ. ತಾಳಿ ಕಟ್ಟುವ ಫೋಟೋ ತೆಗೆಸಿ, ಫೋಟೋ ಮೇಲೆ ಡೇಟ್ ಬೀಳಬಾರದು, ಹುಡುಗಿಯ ತಂದೆ ಪಕ್ಕದಲ್ಲಿ ಇರಲೇಬೇಕು...

ಮಾವನಿಗೆ ಇದನ್ನು ಹೇಗೆ ಹೇಳುವುದು? ಅವರ ಮನೆಗೆ ಹೋಗಿ ಅರ್ಧ ಗಂಟೆ ಹಿಪ್ಪುನೇರಳೆ ತೋಟದ ಮಾತಾಡಿದೆ, ರೇಷ್ಮೆ ಗೂಡಿನ ರೇಟು ಮಾತಾಡಿದೆ. ಕೊನೆಗೆ ತಲೆ ತಗ್ಗಿಸಿಕೊಂಡು ಹೇಳಿಬಿಟ್ಟೆ.

"ಬೇರೆ ದಾರಿ ಇಲ್ವೇನಪ್ಪ?" ಎಂದರು. ಏಜೆಂಟ್ ಇಲ್ಲ ಅಂತಾನೆ ಎಂದೆ.

"ಆಗ್ಲಿ ಬಿಡು. ಅವಳೊಬ್ಳೇ ಅಲ್ಲಿ ಎಷ್ಟು ದಿನಾಂತ ಇರ್ತಾಳೆ."

ಮುಂದಿನ ರಜೆಗೆ ಸುಜಾತ ಬಂದ ಮೂರನೇ ದಿನ ನಾವು ಚಿಂತಾಮಣಿಯ ಒಂದು ಸ್ಟುಡಿಯೋದಲ್ಲಿ ನಿಂತಿದ್ದೇವೆ. ಸ್ಟುಡಿಯೋದವನ ಹತ್ತಿರ ಎಲ್ಲವೂ ಬಾಡಿಗೆಗೆ ಸಿಗುತ್ತದೆ. ಪೇಟ, ಬಾಸಿಂಗ, ಒಂದು ಡಬ್ಬಿಯಲ್ಲಿ ತಾಳಿ.

ನನಗೆ ಗಂಟು ಹಾಕಲೂ ಬರಲಿಲ್ಲ. ಅವನೇ ಬಂದು ಹೇಳಿಕೊಟ್ಟ. ಸುಜಾತ ಕಣ್ಣು ಮುಚ್ಚಿದ್ದಳು ಎಂದು ಇನ್ನೊಮ್ಮೆ ಕಟ್ಟಿಸಿದ, ನನ್ನ ಕೈ ಅಡ್ಡ ಬಂತು ಎಂದು ಮತ್ತೊಮ್ಮೆ.

ಆಮೇಲೆ ಮಾವನ ಕೈಗೆ ಅಕ್ಷತೆ ಕೊಟ್ಟ. ಯಾರ ಮದುವೆಗೆ ಹೋದರೂ ಅಕ್ಷತೆ ಹಂಚುವ ಹೊತ್ತಿಗೆ ಮೆಲ್ಲನೆ ಹಿಂದಕ್ಕೆ ಸರಿದು ನಿಲ್ಲುತ್ತಿದ್ದ ಮನುಷ್ಯ ಅವರು. ಈಗ ಮುಷ್ಟಿಯಲ್ಲಿ ಅಕ್ಕಿ ಹಿಡಿದು, ಎಷ್ಟು ಸಲ ಹಾಕಬೇಕು ಎಂದು ಕೇಳಿದರು.

"ಒಂದೇ ಸಲ ಸಾರ್. ಸ್ವಲ್ಪ ನಗ್ತಾ ಹಾಕಿ."

ನಗಲು ಪ್ರಯತ್ನಪಟ್ಟರು, ಪಾಪ. ನಿಜವಾದ ಮದುವೆಯಲ್ಲಿ ಅವರು ಎಷ್ಟು ಜೋರಾಗಿ ನಕ್ಕಿದ್ದರು ಎಂಬುದು ನನಗೆ ಗೊತ್ತು. ಆ ಕ್ಷಣ ನನಗಾದ ನಾಚಿಕೆ ಇನ್ನೂ ಪೂರ್ತಿ ಹೋಗಿಲ್ಲ.

ಸುಜಾತ ತಾಳಿ ಬಿಚ್ಚಿ ಡಬ್ಬಿಗೆ ಹಾಕಿ ವಾಪಸ್ ಕೊಟ್ಟಳು. ಊರಿಗೆ ಹೋಗುವ ಬಸ್ಸಿನಲ್ಲಿ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಲೇ ಇದ್ದಳು.

ಎರಡು ತಿಂಗಳಿಗೆ ವೀಸಾ ಬಂತು. ಆ ಫೋಟೋದಿಂದಲೇ ಬಂತೋ, ಅದಿಲ್ಲದೆಯೂ ಬರುತ್ತಿತ್ತೋ, ಇವತ್ತಿಗೂ ಗೊತ್ತಿಲ್ಲ. ಕೇಳೋಣವೆಂದರೆ ಕೇಳುವುದು ಯಾರನ್ನು?

ಇಲ್ಲಿಗೆ ಬಂದ ಹೊಸದರಲ್ಲಿ ಸುಖವಾಗಿಯೇ ಇದ್ದೆವು. ಒಟ್ಟಿಗೆ ಅಡುಗೆ, ಒಟ್ಟಿಗೆ ಊಟ. ಅಷ್ಟಕ್ಕೇ ತಾನೇ ಇಷ್ಟೆಲ್ಲ ಮಾಡಿದ್ದು.

ಮರುವರ್ಷ ಒಂದು ಭಾನುವಾರ ಸುಜಾತ ಅಪ್ಪನಿಗೆ ಫೋನ್ ಮಾಡಿದ್ದಳು. ಪಕ್ಕದೂರಿನ ಹುಡುಗ ಹುಡುಗಿ ಸರಳ ಮದುವೆ ಮಾಡಿಸಿಕೊಡಿ ಎಂದು ಬಂದಿದ್ದರಂತೆ. ಮಾವ ಬೇರೆಯವರನ್ನು ಕರೆಯಿರಿ ಎಂದು ಕಳಿಸಿಬಿಟ್ಟರಂತೆ. ಹಾಗೆ ಕಳಿಸಿದ್ದು ಅವರನ್ನೇ ಮೊದಲೂ ಅಲ್ಲವಂತೆ.

ಯಾಕಪ್ಪ ಎಂದು ಕೇಳಿದಳು. ಸ್ಪೀಕರ್ ಹಾಕಿತ್ತು, ನನಗೂ ಕೇಳಿಸಿತು.

"ಏನಂತ ಹೇಳ್ಕೊಡ್ಲಮ್ಮ ಅವ್ರಿಗೆ? ತಾಳಿ ಬ್ಯಾಡ, ಮಾತೇ ಸಾಕು ಅಂತ ಇನ್ನು ಯಾವ ಬಾಯಲ್ಲಿ ಹೇಳ್ಲಿ?"

ನಿಮ್ಮ ಮದುವೆ ನಿಜವೇ ಎಂದು ಯಾರಾದರೂ ಕೇಳಿದರೆ, ನೀವು ಏನು ತೋರಿಸುತ್ತೀರಿ?