ಗರಿಹುಳುವಿನ ಮರಣ ಪ್ರಮಾಣಪತ್ರ

ಇವತ್ತು ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ತೋಳಿನಿಂದ ಕಡಲ ವಾಸನೆ ಎದ್ದಿತು. ಗೋವಿಂದರಾಜನಗರದ ಮೂರನೇ ಮಹಡಿಯಲ್ಲಿ ಕಡಲ ವಾಸನೆ ಬಂದರೆ ಯಾರಿಗಾದರೂ ಗಾಬರಿಯಾಗಬೇಕು. ನನ್ನ ಹೆಂಡತಿಗೆ ಆಗಲಿಲ್ಲ. "ಮತ್ತೆ ಆ ಹುಳದ ನೀರಿಗೆ ಕೈ ಹಾಕಿದ್ರಾ?" ಎಂದಷ್ಟೇ ಕೇಳಿ ಒಳಗೆ ಹೋದಳು. ಹೌದು, ಹಾಕಿದ್ದೆ. ಆ ಹುಳುವಿನ ಕತೆಯನ್ನು ನಿಮಗೆ ಹೇಳಿಬಿಡುತ್ತೇನೆ. ಅದರಲ್ಲಿ ನಗೆಪಾಟಲಾಗುವವನು ನಾನೇ ಆದ್ದರಿಂದ ನೀವು ಸಂಕೋಚವಿಲ್ಲದೆ ನಗಬಹುದು.

ನಾನು ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಪ್ರಾಣಿಶಾಸ್ತ್ರ ಕಲಿಸಿದವನು. ಕಲಿಸಿದೆ ಎನ್ನುವುದು ನನ್ನ ಅಭಿಪ್ರಾಯ. ವಲಯವಂತಗಳ ಪಾಠವನ್ನಂತೂ, ಅಂದರೆ ಎರೆಹುಳು, ಜಿಗಣೆ ಮತ್ತು ಅವುಗಳ ಕಡಲ ನೆಂಟರ ಪಾಠವನ್ನು, ಪುಸ್ತಕ ಮುಚ್ಚಿಟ್ಟೇ ಮಾಡುತ್ತಿದ್ದೆ. ಗರಿಹುಳು ಎಂಬ ಕಡಲ ಹುಳು ಕೊಳವೆ ಕಟ್ಟಿಕೊಂಡು ಅದರೊಳಗೆ ಬಾಳುತ್ತದೆ, ತಲೆಯ ಮೇಲಿನ ಗರಿಗಳ ಕಿರೀಟವನ್ನು ಬೀಸಣಿಗೆಯಂತೆ ಹರಡಿ ನೀರಿನಲ್ಲಿ ತೇಲುವ ಆಹಾರ ಹಿಡಿಯುತ್ತದೆ ಎಂದು ಹೇಳಿ ಬೋರ್ಡಿನ ಮೇಲೆ ಚಿತ್ರ ಬರೆಯುತ್ತಿದ್ದೆ. ಜೀವಂತ ಗರಿಹುಳುವನ್ನು ನಾನು ನೋಡಿರಲಿಲ್ಲ. ನೋಡಿದ್ದು ಲ್ಯಾಬಿನ ಫಾರ್ಮಲಿನ್ ಜಾಡಿಯಲ್ಲಿ, ಅದೂ ಹಳೆ ಉಪ್ಪಿನಕಾಯಿಯ ಬಣ್ಣಕ್ಕೆ ತಿರುಗಿದ್ದನ್ನು. ನಿವೃತ್ತನಾದ ಮೇಲೂ ಜನ ಸಾರ್ ಎನ್ನುತ್ತಿದ್ದರು, ನಾನೂ ಅದನ್ನು ನಂಬಿಕೊಂಡಿದ್ದೆ.

ಲೋಕೇಶ ನನ್ನ ಹಳೆಯ ವಿದ್ಯಾರ್ಥಿ. ಪ್ರಾಣಿಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ ಹೊಡೆದು, ಕಾಮಾಕ್ಷಿಪಾಳ್ಯದಲ್ಲಿ ಲೇತ್ ಮೆಷಿನ್ ಹಾಕಿಕೊಂಡು, ಈಗ ನನಗಿಂತ ಚೆನ್ನಾಗಿ ಬದುಕುತ್ತಿದ್ದಾನೆ. ಅವನ ಮನೆ ನಮ್ಮ ಹಿಂದಿನ ರಸ್ತೆಯಲ್ಲೇ. ಹಾಲ್‌ನಲ್ಲಿ ತಾನೇ ಕಬ್ಬಿಣದ ಸ್ಟ್ಯಾಂಡ್ ಬೆಸೆದು, ನಾಲ್ಕಡಿಯ ಗಾಜಿನ ತೊಟ್ಟಿ ಕೂರಿಸಿ, ಫಿಲ್ಟರ್ ನೀರಿಗೆ ಪ್ಯಾಕೆಟ್ಟಿನ ಕಡಲುಪ್ಪು ಬೆರೆಸಿ ಹವಳ ಸಾಕುತ್ತಿದ್ದ. ಅಂಗಡಿಯಿಂದ ತಂದ ಕಲ್ಲೊಂದರ ಸಂದಿಯಲ್ಲಿ ಪೆನ್ಸಿಲ್ ದಪ್ಪದ ಮಣ್ಣುಬಣ್ಣದ ಕೊಳವೆಯೊಂದು ಟಿಕೆಟ್ಟಿಲ್ಲದೆ ಬಂದಿತ್ತು. ಕಸವೆಂದು ಕೀಳಲು ಹೋದವನನ್ನು ಹೆಂಡತಿ ತಡೆದಳಂತೆ. ಮಾರನೆಯ ದಿನ ಕೊಳವೆಯ ಬಾಯಿಂದ ಕಂದು-ಬಿಳಿ ಪಟ್ಟೆಯ ಗರಿಗಳು ಅರಳಿದವು. ಅವನು ನಮ್ಮನೆಗೆ ಓಡಿ ಬಂದ.

"ಸಾರ್, ನೀವು ಬೋರ್ಡ್ ಮೇಲೆ ಬರೀತಿದ್ರಲ್ಲ, ಅದು ನಮ್ಮನೆಗೆ ಬಂದಿದೆ ಸಾರ್!"

ಹೋದೆ. ಗಂಟಲು ಸರಿಮಾಡಿಕೊಂಡು ಪಾಠ ಶುರುಮಾಡಿದೆ. ಗಾಜಿನ ಕಡೆ ಬೆರಳು ತೋರಿಸಿದ್ದೇ ತಡ, ಗರಿಗಳು ಸರಕ್ಕನೆ ಕೊಳವೆಯೊಳಗೆ ಮಾಯವಾದವು. ನನ್ನ ಪಾಠ ಶುರುವಾದ ಕೂಡಲೇ ತಲೆ ಮರೆಸಿಕೊಂಡ ಮೊದಲ ಜೀವಿಯೇನೂ ಅದಲ್ಲ. ಹುಳು ಕಾಣದಿದ್ದರೂ ಬಿಡದೆ ಮುಕ್ಕಾಲು ಗಂಟೆ ಕೊಳವೆಗೇ ಪಾಠ ಮಾಡಿದೆ. ಲೋಕೇಶ ಕೈಕಟ್ಟಿ ಕೇಳಿದ. ಕ್ಲಾಸಿನಲ್ಲಿ ಹೀಗೆ ಕೇಳಿದ್ದರೆ ಪಾಸಾಗುತ್ತಿದ್ದ ಎಂದುಕೊಂಡೆ.

ಹುಳುವನ್ನು ನಿಜವಾಗಿ ಸಾಕಿದವಳು ಅವನ ಹೆಂಡತಿ ರೇಣುಕಾ. ಗದಗದ ಕಡೆಯವಳು, ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸ. ದಿನವಿಡೀ ಅಂಗಿಗಳ ಹೊಲಿಗೆಯ ತಪ್ಪು ಹುಡುಕಿ, ಸಂಜೆ ಬಂದು ತೊಟ್ಟಿಯ ನೀರು ಆಡಿಸುವ ಪಂಪ್ ನಿಲ್ಲಿಸಿ, ಪಾಚಿಯ ಹಸಿರು ನೀರನ್ನು ಡ್ರಾಪರಿನಲ್ಲಿ ಹನಿಹನಿಯಾಗಿ ಬಿಡುತ್ತಿದ್ದಳು. ನೇರ ಗರಿಯ ಮೇಲೆ ಬಿಟ್ಟರೆ ಮುದುಡುತ್ತದೆ, ಒಂದು ಗೇಣು ದೂರ ಬಿಡಬೇಕು ಎಂದು ಅವಳೇ ಕಂಡುಕೊಂಡಿದ್ದಳು. ನನ್ನ ನೋಟ್ಸಿನಲ್ಲಿ ಅದಿರಲಿಲ್ಲ, ಆದ್ದರಿಂದ ನಾನು ಅದಕ್ಕೆ ಬೆಲೆ ಕೊಡಲಿಲ್ಲ.

ಒಂದು ದಿನ ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿ, ಬೆಳಿಗ್ಗೆಯಿಂದ ಸಂಜೆವರೆಗೆ ಕರೆಂಟ್ ಇರಲಿಲ್ಲ. ಪಂಪ್ ನಿಂತಿತು. ಮರುದಿನ ನೋಡಿದರೆ ಗರಿಗಳ ಕಿರೀಟ ಕಳಚಿ ತೊಟ್ಟಿಯ ಮೂಲೆಯಲ್ಲಿ ತೇಲುತ್ತಿತ್ತು. ಡಾಕ್ಟರನ್ನು ಕರೆಸುವಂತೆ ಲೋಕೇಶ ನನ್ನನ್ನು ಕರೆಸಿದ. ನಾನು ಕನ್ನಡಕ ಏರಿಸಿ, ದೂರದಿಂದಲೇ ಕೊಳವೆ ನೋಡಿ, ತೀರ್ಪು ಕೊಟ್ಟೆ. "ತಲೇನೇ ಬಿದ್ದೋಯ್ತಲ್ಲೋ. ಸತ್ತಿದೆ. ತೆಗೆದು ಎಸಿ, ಇಲ್ಲಾಂದ್ರೆ ನೀರೆಲ್ಲ ಕೆಡುತ್ತೆ."

ರೇಣುಕಾ ತೊಟ್ಟಿಗೆ ಕೈ ಇಳಿಸಿ ಕೊಳವೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದಳು. "ಸತ್ತಿದ್ರ ಮೆತ್ತಗಾಗತಿತ್ತರೀ ಸರ. ಇದಿನ್ನೂ ಗಟ್ಟಿ ಐತಿ. ನಾತಾನೂ ಬರವಲ್ದು."

"ಸಾರ್ ಹೇಳಿದ್ಮೇಲೆ ಮುಗೀತು ಕಣೇ," ಎಂದ ಲೋಕೇಶ. "ಮೂವತ್ತು ವರ್ಷ ಪಾಠ ಮಾಡಿದಾರೆ."

ನಾನು ದೊಡ್ಡ ಮನಸ್ಸಿನವನಂತೆ ನಕ್ಕೆ. ಆ ನಗು ನೆನೆದರೆ ನನಗೆ ಈಗಲೂ ನನ್ನ ಮೇಲೆ ಅಸಹ್ಯವಾಗುತ್ತದೆ.

ಅವಳು ಎಸೆಯಲಿಲ್ಲ. ತೊಟ್ಟಿಯ ಕೆಳಗೆ, ಫಿಲ್ಟರ್ ಇರುವ ಡಬ್ಬಿಯ ಮೂಲೆಯಲ್ಲಿ ಗಂಡನಿಗೂ ಹೇಳದೆ ಇಟ್ಟುಕೊಂಡಳು. ತಿಂಗಳು ಕಳೆದ ಮೇಲೆ ಒಂದು ಭಾನುವಾರ ಕಾಫಿಗೆಂದು ಹೋದರೆ, ಅದೇ ಕಲ್ಲಿನ ಸಂದಿಯಲ್ಲಿ ಅವಳು ಮತ್ತೆ ತಂದು ಕೂರಿಸಿದ ಅದೇ ಕೊಳವೆ, ಅದರ ಬಾಯಲ್ಲಿ ಚಿಕ್ಕದೊಂದು ಹೊಸ ಕಿರೀಟ. ಈ ಹುಳುಗಳು ಕಷ್ಟ ಬಂದಾಗ ಗರಿ ಉದುರಿಸಿ ಮತ್ತೆ ಬೆಳೆಸಿಕೊಳ್ಳುತ್ತವೆ. ಹವಳ ಸಾಕುವ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ಪ್ರಾಣಿಶಾಸ್ತ್ರದ ಮೇಷ್ಟ್ರಿಗೆ ಮಾತ್ರ ಗೊತ್ತಿರಲಿಲ್ಲ.

ಕೊಳವೆ ಎತ್ತಿಟ್ಟಿದ್ದನ್ನು ರೇಣುಕಾ ಕೊನೆಗೆ ಗಂಡನಿಗೆ ಹೇಳಿದ್ದಳಂತೆ, ಒಳಗಿರುವುದು ಅದೇ ಹುಳು ಎಂದು ಮಾತ್ರ ಅವನು ನಂಬಿರಲಿಲ್ಲ. ನಾನು ಬಾಯಿ ತೆರೆಯುವ ಮುಂಚೆಯೇ ನನ್ನ ಮಾನ ಕಾಯಲು ಮುಂದಾದ. "ಇದು ಬೇರೆ ಹುಳ ಸಾರ್. ಅದು ಸತ್ತೋಯ್ತು, ನೀವೇ ಹೇಳಿದ್ರಲ್ಲ. ಖಾಲಿ ಕೊಳವೆ ಅಂತ ಇನ್ನೊಂದು ಬಂದು ಬಾಡಿಗೆಗೆ ಸೇರ್ಕೊಂಡಿದೆ."

ರೇಣುಕಾ ಕಾಫಿ ಲೋಟ ಹಿಡಿದು ನನ್ನ ಮುಖ ನೋಡುತ್ತ ನಿಂತಿದ್ದಳು. ನೀನು ಹೇಳಿದ್ದೇ ಸರಿ ಕಣಮ್ಮ ಎನ್ನುವ ಒಂದು ಮಾತು ಸಾಕಿತ್ತು. ನಾನು ಕಾಫಿ ತೆಗೆದುಕೊಂಡು, "ಇರಬಹುದು, ಸಾಧ್ಯತೆ ಇದೆ," ಎಂದೆ. ಅವಳು ಒಳಗೆ ಹೋದಳು. ಕಾಫಿ ಚೆನ್ನಾಗಿಯೇ ಇತ್ತು, ಅರ್ಧಕ್ಕೇ ಬಿಟ್ಟು ಎದ್ದೆ.

ಅಂದಿನಿಂದ ಭಾನುವಾರ ಬಂದರೆ ನೀರು ಬದಲಿಸಲು ನಾನೂ ಹೋಗಿ ಪೈಪು ಹಿಡಿಯುತ್ತೇನೆ. ಕ್ಷಮೆ ಕೇಳುವ ಧೈರ್ಯವಿಲ್ಲದವರು ಹೀಗೆ ಚಾಕರಿ ಮಾಡಿ ಸರಿದೂಗಿಸಲು ನೋಡುತ್ತಾರೆ. ರೇಣುಕಾ "ಬರ್ರಿ ಸರ" ಎನ್ನುತ್ತಾಳೆ, ಬಕೆಟ್ ತೋರಿಸುತ್ತಾಳೆ. ಹುಳುವಿನ ವಿಷಯ ಮಾತ್ರ ನನ್ನ ಹತ್ತಿರ ಎತ್ತುವುದಿಲ್ಲ.

ಇವತ್ತು ಇಸ್ತ್ರಿ ಮುಗಿಸಿ ಅಂಗಿ ಹಾಕಿಕೊಳ್ಳುವಷ್ಟರಲ್ಲಿ ಲೋಕೇಶನ ಫೋನ್ ಬಂತು. ನಿನ್ನೆ ನೀರು ಬದಲಿಸಿದ ಮೇಲೆ ಹುಳು ಮತ್ತೆ ಗರಿ ಉದುರಿಸಿತ್ತು.

"ಸಾರ್, ಇದೂ ಸತ್ತೋಯ್ತು ಅನ್ಸುತ್ತೆ. ರೇಣುಕಾ ಇಲ್ಲ ಅಂತಾಳೆ. ನೀವೇ ಹೇಳ್ಬಿಡಿ ಸಾರ್, ಸ್ಪೀಕರ್‌ಗೆ ಹಾಕಿದೀನಿ."

ಮೇಷ್ಟ್ರ ದನಿ ಗಂಟಲಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ.

"ನಂಗೊತ್ತಿಲ್ಲ ಕಣೋ," ಎಂದೆ. "ಹೋದ್ಸಲ ನಾನು ಹೇಳಿದ್ದು ತಪ್ಪು. ಅದು ಸತ್ತಿರ್ಲಿಲ್ಲ, ಅದೇ ಹುಳ ಇದು. ಅವತ್ತು ರೇಣುಕಾ ಹೇಳಿದ್ದೇ ಸರಿ. ಈಗ್ಲೂ ಅವಳು ಹೇಳ್ದಂಗೆ ಮಾಡು."

ಲೋಕೇಶ ಬಹಳ ಮೆಲ್ಲಗೆ, "ಸಾರ್, ಹುಷಾರಾಗಿದೀರಾ? ಹಂಗೇ ಕೂತ್ಕೊಳಿ. ಫೋನ್ ಮೇಡಂಗೆ ಕೊಡಿ," ಎಂದ.

ಅವನ ಹಿಂದಿನಿಂದ ರೇಣುಕಾಳ ದನಿ ಕೇಳಿಸಿತು. "ಅವರಿಗೇನೂ ಆಗಿಲ್ಲ ಬಿಡ್ರಿ. ಈಗ ನೆಟ್ಟಗ ಆಗ್ಯಾರ."